ಕ್ರಿಯಾಟಿನಿನ್ ನಾರ್ಮಲ್ ಇದೆ, ಮತ್ತೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂದರೆ ಹೇಗೆ?

ಪ್ರಶ್ನೆ: ನನಗೆ 11 ವರ್ಷದಿಂದ ಶುಗರ್ ಇದೆ. ಕ್ರಿಯಾಟಿನಿನ್ 0.9, ನಾರ್ಮಲ್ ಅಂತಲೇ ಬಂದಿದೆ. ಆದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿದೆ ಅನ್ನುತ್ತಾರೆ ಡಾಕ್ಟರು. ಬಿಪಿ ಇಲ್ಲದ ನನಗೆ ಬಿಪಿ ಮಾತ್ರೆ ಬೇರೆ ಬರೆದಿದ್ದಾರೆ. ಯಾವ ರಿಪೋರ್ಟ್ ನಂಬಲಿ?

ಉತ್ತರ: ಎರಡನ್ನೂ ನಂಬಿ. ಎರಡೂ ನಿಜವನ್ನೇ ಹೇಳುತ್ತಿವೆ. ಮೂತ್ರ ಬೇಗ ಹೇಳುತ್ತದೆ, ರಕ್ತ ಬಹಳ ತಡವಾಗಿ ಹೇಳುತ್ತದೆ, ಅಷ್ಟೇ ವ್ಯತ್ಯಾಸ. ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ಕಸ.

ಒಂದು ಕಿಡ್ನಿಯನ್ನು ದಾನ ಮಾಡಿದವರನ್ನು ನೆನಪಿಸಿಕೊಳ್ಳಿ. ಅರ್ಧ ಭಾಗವೇ ಹೋದರೂ ಅವರಲ್ಲಿ ಹೆಚ್ಚಿನವರ ಕ್ರಿಯಾಟಿನಿನ್ ನಾರ್ಮಲ್ ಮಿತಿಯ ಆಸುಪಾಸಿನಲ್ಲೇ ಇರುತ್ತದೆ. ಉಳಿದದ್ದು ಹೆಚ್ಚು ದುಡಿದು ಸರಿದೂಗಿಸುತ್ತದೆ. ಹಾಗಾಗಿ ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿಯ ಅರ್ಧದಷ್ಟು ಶಕ್ತಿ ಕುಂದಿರಬಹುದು. ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮಾತ್ರ ನೋಡಿಸಿ ನೆಮ್ಮದಿಯಾಗಿರುವ ಶುಗರ್ ಪೇಶೆಂಟುಗಳ ಬಗ್ಗೆ ನನಗೆ ಆತಂಕವಿರುವುದು ಇದಕ್ಕೇ.

ಪೆಟ್ಟು ಬೀಳುವುದು ಎಲ್ಲಿ? ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರ ತುದಿಯಲ್ಲಿ ಸಣ್ಣ ರಕ್ತನಾಳಗಳ ಒಂದು ಉಂಡೆ, ಅದೇ ಗ್ಲೊಮೆರುಲಸ್. ಎಲ್ಲವೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ, ಮಿಕ್ಕಿದ್ದೆಲ್ಲ ರಕ್ತಕ್ಕೆ ವಾಪಸು. ಇಷ್ಟು ಸೋಸಿದರೂ ಆಲ್ಬುಮಿನ್ ಎಂಬ ಪ್ರೋಟೀನ್ ಆಚೆ ಹೋಗದಂತೆ ತಡೆಯುವ ಜರಡಿಗೆ ಮೂರು ಪದರ. ಒಳಗೆ ರಂಧ್ರಗಳಿರುವ ರಕ್ತನಾಳದ ಗೋಡೆ, ನಡುವೆ ತೆಳುವಾದ ಪೊರೆ, ಹೊರಗೆ ಪೋಡೊಸೈಟ್ ಎಂಬ ಜೀವಕೋಶಗಳು.

ಈ ಪೋಡೊಸೈಟ್‌ಗಳನ್ನು ತಿಳಿದುಕೊಂಡರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಬಗೆಹರಿದಂತೆ. ಗ್ರೀಕ್ ಭಾಷೆಯಲ್ಲಿ ಪೋಡೊ ಎಂದರೆ ಪಾದ. ಬಂಡೆಯನ್ನು ತಬ್ಬಿದ ಆಲದ ಬೇರುಗಳ ಹಾಗೆ ಇವು ತಮ್ಮ ಸಣ್ಣ ಸಣ್ಣ ಪಾದಗಳಿಂದ ರಕ್ತನಾಳವನ್ನು ಹೊರಗಿನಿಂದ ಅಪ್ಪಿಕೊಂಡಿರುತ್ತವೆ. ಎರಡು ಕೈಗಳ ಬೆರಳು ಹೆಣೆದಂತೆ ಪಕ್ಕದ ಕೋಶದ ಪಾದಗಳ ನಡುವೆ ಇದರ ಪಾದಗಳು ತೂರಿಕೊಂಡಿರುತ್ತವೆ. ನಡುವಿನ ಸಂದಿಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಪರದೆ. ಹುಟ್ಟುವಾಗಲೇ ಮೂತ್ರದಲ್ಲಿ ವಿಪರೀತ ಪ್ರೋಟೀನ್ ಕಳೆದುಕೊಳ್ಳುವ ಶಿಶುಗಳು ಫಿನ್ಲೆಂಡ್‌ನಲ್ಲಿ ಹೆಚ್ಚು. ಅದರ ಕಾರಣ ಹುಡುಕುತ್ತಾ ಹೋದ ವಿಜ್ಞಾನಿ ಕಾರ್ಲ್ ಟ್ರಿಗ್ವಾಸನ್ ಅವರ ತಂಡಕ್ಕೆ 1998ರಲ್ಲಿ ಒಂದು ಜೀನ್ ಸಿಕ್ಕಿತು. ಅದು ತಯಾರಿಸುವ ನೆಫ್ರಿನ್ ಎಂಬ ಪ್ರೋಟೀನಿನಿಂದಲೇ ಈ ಪರದೆ ನೇಯ್ದುಕೊಂಡಿರುವುದು. ನೆಫ್ರಿನ್ ಇಲ್ಲದಿದ್ದರೆ ಜರಡಿಯೇ ಇಲ್ಲ.

ಪೋಡೊಸೈಟ್‌ಗಳಿಗೆ ಒಂದು ದೊಡ್ಡ ಕೊರತೆಯಿದೆ. ಚರ್ಮ ಗೀರಿದರೆ ಹೊಸ ಕೋಶಗಳು ಹುಟ್ಟಿ ಗಾಯ ಮುಚ್ಚುತ್ತವೆ. ಬೆಳೆದ ಪೋಡೊಸೈಟ್ ಹಾಗೆ ಒಂದು ಎರಡಾಗುವುದಿಲ್ಲ. ಹೋದದ್ದರ ಜಾಗವನ್ನು ಪಕ್ಕದವು ಮೈ ಹಿಗ್ಗಿಸಿ ಮುಚ್ಚಬೇಕು.

ಶುಗರ್ ಹೆಚ್ಚಿರುವ ಕಿಡ್ನಿಯಲ್ಲಿ ಗ್ಲೊಮೆರುಲಸ್‌ಗೆ ರಕ್ತ ತರುವ ನಾಳ ಅಗಲವಾಗುತ್ತದೆ, ಹೊರಹೋಗುವ ನಾಳ ಬಿಗಿಯುತ್ತದೆ. ಒಳಗೆ ಒತ್ತಡ ಏರುತ್ತದೆ, ಉಂಡೆ ಉಬ್ಬುತ್ತದೆ. ತೋಳಿನಲ್ಲಿ ಅಳೆದ ಬಿಪಿ ಸರಿಯಾಗಿದ್ದರೂ ಇದು ನಡೆಯುತ್ತಿರಬಹುದು. ಪೋಡೊಸೈಟ್ ಎಷ್ಟು ಅಂತ ಹಿಗ್ಗೀತು? ಮೊದಲು ಪಾದಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ, ಪರದೆ ಸಡಿಲವಾಗಿ ಆಲ್ಬುಮಿನ್ ಸೋರುತ್ತದೆ. ನಿಮ್ಮ ಮೂತ್ರದಲ್ಲಿ ಕಂಡದ್ದು ಇದೇ. ಈ ಹಂತದಲ್ಲಿ ಒತ್ತಡ ಇಳಿದರೆ ಪಾದಗಳು ಮತ್ತೆ ಸುಧಾರಿಸಿಕೊಳ್ಳುವ ಅವಕಾಶವಿದೆ. ಇಳಿಯದಿದ್ದರೆ ಕೋಶವೇ ಕಿತ್ತುಕೊಂಡು ಮೂತ್ರದ ಜೊತೆ ಹೋಗುತ್ತದೆ. ಬೋಳಾದ ಪೊರೆ ಸುತ್ತಲಿನ ಗೋಡೆಗೆ ಅಂಟಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅಲ್ಲಿಗೆ ಆ ಘಟಕ ಮುಗಿಯಿತು. ಅದರ ಕೆಲಸವೂ ಉಳಿದವುಗಳ ಮೇಲೆ ಬಿದ್ದು, ಅವುಗಳ ಒತ್ತಡವೂ ಏರುತ್ತದೆ.

ಈಗ ಬಿಪಿ ಮಾತ್ರೆಯ ವಿಷಯ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಗುಂಪಿನ ಔಷಧಗಳು ಬಿಗಿದ ಆ ಹೊರನಾಳವನ್ನು ಸಡಿಲಿಸಿ ಗ್ಲೊಮೆರುಲಸ್ ಒಳಗಿನ ಒತ್ತಡ ಇಳಿಸುತ್ತವೆ. ಡಾಪಾಗ್ಲಿಫ್ಲೋಜಿನ್‌ನಂಥ ಶುಗರ್ ಮಾತ್ರೆಗಳು ರಕ್ತ ತರುವ ನಾಳದ ಕಡೆಯಿಂದ ಅದೇ ಕೆಲಸ ಮಾಡುತ್ತವೆ. "ನನಗೆ ಬಿಪಿ ಇಲ್ಲ" ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಶುರು ಮಾಡಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರಬಹುದು, ಪೊಟ್ಯಾಸಿಯಂ ಕೂಡ ಏರಬಹುದು. ಅದಕ್ಕೇ ಮತ್ತೆ ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತಾರೆ, ತಪ್ಪಿಸಬೇಡಿ.

ಶುಗರ್ ಒಂದೇ ಕಾರಣವಲ್ಲ. ಬೆಳಿಗ್ಗೆ ಏಳುವಾಗ ಮಗುವಿನ ರೆಪ್ಪೆ ಊದಿದ್ದರೆ ಹುಳ ಕಚ್ಚಿರಬೇಕು, ನಿದ್ದೆ ಹೆಚ್ಚಾಗಿರಬೇಕು ಎಂದು ಮನೆಯಲ್ಲಿ ಸುಮ್ಮನಾಗುವುದುಂಟು. ಅದು ಪೋಡೊಸೈಟ್ ಪಾದಗಳು ಚಪ್ಪಟೆಯಾಗುವ ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ಟೆರಾಯ್ಡ್‌ನಿಂದ ಸೋರಿಕೆ ನಿಲ್ಲುತ್ತದೆ, ಆದರೂ ಮರುಕಳಿಸುವುದು ಸಾಮಾನ್ಯ. ಇಂಥ ಅನೇಕರ ರಕ್ತದಲ್ಲಿ ನೆಫ್ರಿನ್‌ನ ವಿರುದ್ಧವೇ ಪ್ರತಿಕಾಯಗಳು, ಅಂದರೆ ರೋಗಾಣುಗಳ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನ್‌ಗಳು, ಇರುವುದು ಈಚಿನ ವರ್ಷಗಳಲ್ಲಿ ಗೊತ್ತಾಗಿದೆ.

ನೆರೆಯ ಕೇರಳದಿಂದ ಬಂದ ಇನ್ನೊಂದು ವಿಷಯ ನನ್ನನ್ನು ತುಂಬಾ ಕಲಕಿದೆ. ಅಲ್ಲಿನ ಕೋಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ನೋಡಿದ, ಪೋಡೊಸೈಟ್‌ಗಳ ಕೆಳಗೆ ಪ್ರತಿಕಾಯಗಳು ಶೇಖರವಾಗುವ ಒಂದು ಕಾಯಿಲೆಯ 22 ಪ್ರಕರಣಗಳಲ್ಲಿ 15 ಒಂದೇ ವಿಶಿಷ್ಟ ಬಗೆಯವು. ಆ 15 ಜನರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕಾರಣ ಕ್ರೀಮಿನಲ್ಲಿದ್ದ ಪಾದರಸ. ಹಚ್ಚುವುದು ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿದರು. ಬಣ್ಣದ ಬಗ್ಗೆ ನಾವು ಹುಡುಗಿಯರ ತಲೆಗೆ ತುಂಬಿದ ಕೀಳರಿಮೆ ಕಿಡ್ನಿಯವರೆಗೂ ಇಳಿದಿದೆ. ತಯಾರಕರ ಹೆಸರು, ಒಳಗೆ ಏನಿದೆ ಎಂಬ ವಿವರ ಇಲ್ಲದ ಕ್ರೀಮ್ ಅಥವಾ ಭಸ್ಮ ಬಳಸುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ನಿಮ್ಮ ಮಟ್ಟಿಗೆ ಮುಂದೇನು? ಎಸಿಆರ್ ಎಂಬ ಮೂತ್ರ ಪರೀಕ್ಷೆಯಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರೀ ವ್ಯಾಯಾಮದಿಂದಲೂ ಇದು ತಾತ್ಕಾಲಿಕವಾಗಿ ಏರಬಹುದು. ಆದ್ದರಿಂದ ಮೂರರಿಂದ ಆರು ತಿಂಗಳೊಳಗೆ ಮತ್ತೆ ಒಂದೆರಡು ಸಲ, ಬೆಳಗಿನ ಮೊದಲ ಮೂತ್ರವನ್ನೇ ಕೊಟ್ಟು ಮಾಡಿಸಿ. ಪ್ರೋಟೀನ್ ಹೋಗುತ್ತಿದೆ ಎಂದು ಅಂಗಡಿಯಿಂದ ಪ್ರೋಟೀನ್ ಪುಡಿ ತಂದು ಕುಡಿಯಬೇಡಿ, ಸೋಸುವ ಹೊರೆ ಹೆಚ್ಚುತ್ತದೆ. ಮಂಡಿನೋವಿಗೆ ಡಿಕ್ಲೋಫೆನಾಕ್‌ನಂಥ ಮಾತ್ರೆ ನೀವಾಗಿ ನುಂಗುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಉಪ್ಪು ಕಡಿಮೆ ಮಾಡಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಹಳೆಯ ಎಸಿಆರ್ ರಿಪೋರ್ಟನ್ನೂ ಹಿಡಿದುಕೊಂಡು ಹೋಗಿ, ಸೋರಿಕೆ ಇಳಿಯುತ್ತಿದೆಯೇ ಎಂದು ಕೇಳಿ.