ತುಟಿಗೆ ಹೊಂದದ ದನಿ: ರಷ್ಯನ್ನರು ಪರದೇಶದ ಸಿನಿಮಾ ಕೇಳಿಸಿಕೊಂಡ ಬಗೆ

ವೈದ್ಯಕೀಯ ಓದಲು ಕರ್ನಾಟಕದಿಂದ ರಷ್ಯಕ್ಕೆ ಹೋದ ವಿದ್ಯಾರ್ಥಿಗಳು ಭಾಷೆ ಪಳಗಿಸಿಕೊಳ್ಳಲು ಸಿನಿಮಾದ ಮೊರೆ ಹೋಗುವುದು ಸಹಜ. ಮೊದಲೇ ನೋಡಿದ ಇಂಗ್ಲಿಷ್ ಚಿತ್ರವೊಂದನ್ನು ರಷ್ಯನ್ ದನಿಯಲ್ಲಿ ಹುಡುಕಿದರೆ ಒಂದಲ್ಲ, ಮೂರು ನಾಲ್ಕು ಬಗೆ ಸಿಗುತ್ತವೆ. ಒಂದರಲ್ಲಿ ಪ್ರತಿ ಪಾತ್ರಕ್ಕೂ ಬೇರೆ ನಟ, ತುಟಿಗೆ ಹೊಂದುವ ಮಾತು. ಇನ್ನೊಂದರಲ್ಲಿ ಎಲ್ಲರಿಗೂ ಸೇರಿ ಒಂದು ಗಂಡು ದನಿ, ಒಂದು ಹೆಣ್ಣು ದನಿ. ಮತ್ತೊಂದರಲ್ಲಿ ನಾಯಕ, ನಾಯಕಿ, ಮಗು, ಮುದುಕಿ ಎಲ್ಲರ ಮಾತನ್ನೂ ಒಬ್ಬನೇ ಗಂಡಸು ಏರಿಳಿತವಿಲ್ಲದೆ ಹೇಳುತ್ತ ಹೋಗುತ್ತಾನೆ. ಅವನ ದನಿಯ ಕೆಳಗೆ ಮೂಲದ ಇಂಗ್ಲಿಷ್ ಸಣ್ಣಗೆ ಕೇಳುತ್ತಿರುತ್ತದೆ. ಇದೆಂಥ ಅರೆಬರೆ ಕೆಲಸ ಅನ್ನಿಸುವುದು ಈ ಮೂರನೆಯದನ್ನು ಕೇಳಿದಾಗ. ಆದರೆ ರಷ್ಯದ ಒಂದು ಇಡೀ ತಲೆಮಾರು ಮನಸ್ಸಿಗೆ ಹಚ್ಚಿಕೊಂಡಿರುವುದು ಇದನ್ನೇ.

ಸೋವಿಯತ್ ಡಬ್ಬಿಂಗ್ ಶುರುವಾದದ್ದು 1935ರಲ್ಲಿ, ಅದೃಶ್ಯ ಮನುಷ್ಯನ ಕಥೆಯ ಹಾಲಿವುಡ್ ಚಿತ್ರವೊಂದರಿಂದ. ಅದನ್ನು ರಷ್ಯನ್‌ಗೆ ತಂದವರು ನಿರ್ದೇಶಕ ಮಾರ್ಕ್ ದೋನ್‌ಸ್ಕೋಯ್. ನಾಯಕನ ಮುಖ ಬಹುಪಾಲು ಬ್ಯಾಂಡೇಜಿನ ಹಿಂದೆ ಇರುವುದರಿಂದ ಅವನ ತುಟಿಗೆ ಮಾತು ಹೊಂದಿಸುವ ಕಷ್ಟವಿರಲಿಲ್ಲ. ಮುಂದಿನ ಚಿತ್ರಗಳಿಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ‘ಉಕ್ಲಾದ್ಚಿಕ್’ ಎಂಬ ಕಸುಬುದಾರ ಹುಟ್ಟಿಕೊಂಡ, ಅಂದರೆ ಮಾತನ್ನು ತುಟಿಗೆ ಕೂರಿಸುವವ. ಪರದೆಯ ಮೇಲೆ ಪ, ಬ, ಮ ಅಕ್ಷರಗಳಿಗಾಗಿ ತುಟಿ ಮುಚ್ಚಿದರೆ ರಷ್ಯನ್ ಪದದಲ್ಲೂ ಆ ಜಾಗಕ್ಕೆ ಅಂಥದ್ದೇ ಅಕ್ಷರ ಬರಬೇಕು. ಅರ್ಥ, ಉದ್ದ, ತುಟಿ ಮೂರನ್ನೂ ಒಟ್ಟಿಗೆ ತೂಗಿಸುವುದು ಪದ್ಯ ಕಟ್ಟುವಷ್ಟೇ ಕಷ್ಟದ ಕೆಲಸ.

ಅಡಿಬರಹಕ್ಕೂ, ಅಂದರೆ ಸಬ್‌ಟೈಟಲ್‌ಗೂ, ಒಂದು ಕಾಲ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ವಶಪಡಿಸಿಕೊಂಡ ಚಿತ್ರಗಳನ್ನು ಸೋವಿಯತ್ ಥಿಯೇಟರುಗಳಲ್ಲಿ ತೋರಿಸಿದರು. ಇದು ನಮ್ಮ ಸೇನೆ ಗೆದ್ದು ತಂದ ಚಿತ್ರ ಎಂಬ ಸೂಚನೆ ಮೊದಲಿಗೆ. ಆಮೇಲೆ ಮೂಲ ಭಾಷೆಯ ಮಾತು, ಕೆಳಗೆ ರಷ್ಯನ್ ಬರಹ. ಜನ ಮುಗಿಬಿದ್ದು ನೋಡಿದರೂ ಆ ಪದ್ಧತಿ ಬೇರುಬಿಡಲಿಲ್ಲ. ದೊಡ್ಡ ಪ್ರೇಕ್ಷಕವರ್ಗಕ್ಕೆ ಡಬ್ಬಿಂಗೇ ಆಗಬೇಕೆಂಬುದು ಸರ್ಕಾರಿ ವಿತರಣೆಯ ರೂಢಿಯಾಯಿತು.

ನಮ್ಮ ಕಡೆಯ ಚಿತ್ರಗಳು ಅಲ್ಲಿನ ಮನೆಮಾತಾದದ್ದೂ ಈ ರೂಢಿಯಿಂದಲೇ. ರಾಜ್ ಕಪೂರ್ ಅವರ ‘ಆವಾರಾ’ 1954ರಲ್ಲಿ ರಷ್ಯನ್ ಮಾತಿನೊಂದಿಗೆ ತೆರೆಕಂಡಾಗ ಆರು ಕೋಟಿಗೂ ಹೆಚ್ಚು ಟಿಕೆಟ್ ಹೋದವು. ಮಾತನ್ನು ಬದಲಿಸಿದವರು ಹಾಡುಗಳನ್ನು ಹಿಂದಿಯಲ್ಲೇ ಬಿಟ್ಟರು. ಹಿಂದಿಯ ಗಂಧವೇ ಇಲ್ಲದವರ ಬಾಯಲ್ಲೂ ಆ ಹಾಡುಗಳು ನಿಂತದ್ದು ಅದಕ್ಕೇ. ಡಬ್ಬಿಂಗ್ ಬೇಕೇ ಬೇಡವೇ ಎಂದು ದಶಕಗಳ ಕಾಲ ಜಗಳವಾಡಿದ ನಾವು ಈ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು ಅನ್ನಿಸುತ್ತದೆ ನನಗೆ.

ಒಂಟಿ ದನಿಯ ಬೇರು ಇರುವುದು ಬೇರೆ ಕಡೆ. ಚಿತ್ರೋತ್ಸವಗಳಲ್ಲಿ, ಸಿನಿಮಾ ಮಂದಿಗಷ್ಟೇ ಇದ್ದ ಮುಚ್ಚಿದ ಪ್ರದರ್ಶನಗಳಲ್ಲಿ, 1966ರಲ್ಲಿ ಮಾಸ್ಕೋದಲ್ಲಿ ತೆರೆದ ‘ಇಲ್ಯೂಜಿಯೋನ್’ ಥಿಯೇಟರಿನಲ್ಲಿ ಅನುವಾದಕರು ಮೈಕಿನ ಮುಂದೆ ಕೂತು ಚಿತ್ರ ಓಡುತ್ತಿದ್ದಂತೆಯೇ ಮಾತು ಹೇಳುತ್ತಿದ್ದರು. ಅವರ ಕೆಲಸ ನಟಿಸುವುದಲ್ಲ, ಅರ್ಥ ತಿಳಿಸುವುದು. ಭಾವಕ್ಕೆ ಮೂಲ ನಟನ ದನಿಯೇ ಇತ್ತಲ್ಲ.

1984ರಲ್ಲಿ ಸೋವಿಯತ್ ವಿಸಿಆರ್ ‘ಎಲೆಕ್ತ್ರೋನಿಕಾ ವಿಎಂ-12’ ಬಂತು. ಬೆಲೆ ಸುಮಾರು 1,200 ರೂಬಲ್, ಸಾಮಾನ್ಯ ನೌಕರನ ಸರಿಸುಮಾರು ಆರು ತಿಂಗಳ ಸಂಬಳ. ಜೊತೆಗೇ ಕದ್ದು ತಂದ ಕ್ಯಾಸೆಟ್ಟುಗಳ ಲೋಕ ತೆರೆದುಕೊಂಡಿತು. ಅದಕ್ಕೆ ದನಿ ಕೊಟ್ಟವರು ಇದೇ ಅನುವಾದಕರು. ಲಿಯೊನಿದ್ ವೊಲೊದಾರ್ಸ್ಕಿ, ಅಲೆಕ್ಸೇಯ್ ಮಿಖಲ್ಯೋವ್, ಅಂದ್ರೇಯ್ ಗವ್ರೀಲೋವ್ ಈ ಹೆಸರುಗಳನ್ನು ಆ ಕಾಲದ ಹುಡುಗರು ನಟರ ಹೆಸರಿನ ಹಾಗೆ ನೆನೆಯುತ್ತಾರೆ. ಎಷ್ಟೋ ಸಲ ಚಿತ್ರವನ್ನು ಮುಂಚೆ ನೋಡಲೂ ಸಮಯವಿರದೆ, ಮೊದಲ ಸಲ ನೋಡುತ್ತಲೇ ಒಂದೇ ಉಸಿರಿಗೆ ಅನುವಾದಿಸಿ ಧ್ವನಿಮುದ್ರಿಸಿದ ಕೆಲಸವದು.

ವೊಲೊದಾರ್ಸ್ಕಿಯವರದು ಮೂಗಿನ ದನಿ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಗುರುತು ಸಿಗದಿರಲೆಂದು ಮೂಗಿಗೆ ಬಟ್ಟೆ ಕ್ಲಿಪ್ಪು ಹಾಕಿಕೊಂಡು ಮಾತಾಡುತ್ತಾರೆಂಬ ಸುದ್ದಿ ದೇಶವೆಲ್ಲ ಹಬ್ಬಿತ್ತು. ಅಸಲಿಗೆ ಅವರ ಮೂಗು ಮುರಿದಿತ್ತು, ಅಷ್ಟೆ. ಆ ಸುದ್ದಿಯನ್ನು ಜನ ನಂಬಿದ್ದರ ಹಿಂದಿನ ಭಯ ಮಾತ್ರ ನಿಜ. ಕ್ಯಾಸೆಟ್ ತೋರಿಸಿದ್ದಕ್ಕೆ ಮೊಕದ್ದಮೆ ಎದುರಿಸಿದವರಿದ್ದರು. ಪೊಲೀಸರು ಮೊದಲು ಕರೆಂಟು ತೆಗೆಯುತ್ತಿದ್ದರು, ಕ್ಯಾಸೆಟ್ಟು ಯಂತ್ರದೊಳಗೇ ಸಿಕ್ಕಿಬೀಳಲೆಂದು ಎನ್ನುವ ನೆನಪುಗಳು ಈಗಲೂ ಕೇಳಸಿಗುತ್ತವೆ. ಹೀಗೆ ಬಾಗಿಲು ಹಾಕಿಕೊಂಡು ಕೇಳಿದ ದನಿಯನ್ನು ಯಾರು ತಾನೇ ಮರೆತಾರು? ಇಂದಿಗೂ ಹಳೆಯ ಚಿತ್ರಗಳನ್ನು ಗವ್ರೀಲೋವ್ ದನಿಯಲ್ಲೇ ಹುಡುಕುವವರಿದ್ದಾರೆ.

ತೊಂಬತ್ತರ ದಶಕದ ಟಿವಿ ಎರಡು ದನಿ, ನಾಲ್ಕು ದನಿಗಳ ಪದ್ಧತಿಯನ್ನು ಮನೆಮನೆಗೆ ತಂದಿತು. ಇಂಟರ್ನೆಟ್ ಬಂದ ಮೇಲೆ ಧಾರಾವಾಹಿಗಳಿಗೆ ಅಭಿಮಾನಿ ತಂಡಗಳೇ ದನಿ ಕೊಡತೊಡಗಿದವು. ‘ಲಾಸ್ಟ್‌ಫಿಲ್ಮ್’ ಅವುಗಳಲ್ಲಿ ಹೆಸರುವಾಸಿ. ನೆಟ್‌ಫ್ಲಿಕ್ಸ್ 2020ರಲ್ಲಿ ಪೂರ್ತಿ ರಷ್ಯನ್ ರೂಪ ಪಡೆಯಿತು. ಎರಡೇ ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. ಉಕ್ರೇನಿನ ಮೇಲೆ ರಷ್ಯ ದಾಳಿ ಮಾಡಿದ ಬೆನ್ನಲ್ಲೇ, 2022ರ ಮಾರ್ಚಿನಲ್ಲಿ, ದೊಡ್ಡ ಹಾಲಿವುಡ್ ಸ್ಟುಡಿಯೋಗಳು ಅಲ್ಲಿ ಬಿಡುಗಡೆ ನಿಲ್ಲಿಸಿದವು, ನೆಟ್‌ಫ್ಲಿಕ್ಸ್ ಸೇವೆ ಹಿಂತೆಗೆಯಿತು. ಅಧಿಕೃತ ಡಬ್ಬಿಂಗ್ ನಿಂತ ಜಾಗಕ್ಕೆ ಅನಧಿಕೃತ ಸ್ಟುಡಿಯೋಗಳು ಬಂದವು. ಥಿಯೇಟರುಗಳು ಒಂದು ರಷ್ಯನ್ ಕಿರುಚಿತ್ರಕ್ಕೆ ಟಿಕೆಟ್ ಮಾರಿ, ಹಾಲಿವುಡ್ ಚಿತ್ರವನ್ನು ಅದರ ಜೊತೆಗಿನ ‘ಉಚಿತ ಸೇವೆ’ ಎಂದು ತೋರಿಸತೊಡಗಿದವು. ಕ್ಯಾಸೆಟ್ ಕಾಲ ಬೇರೆ ವೇಷದಲ್ಲಿ ಮರಳಿತು. ಅದೇ ವರ್ಷ ಡಿಸೆಂಬರಿನಲ್ಲಿ ತೆಲುಗಿನ ‘ಪುಷ್ಪ’ ರಷ್ಯನ್ ಡಬ್ಬಿಂಗ್‌ನೊಂದಿಗೆ ಅಲ್ಲಿ ತೆರೆಕಂಡಿತು.

ಭಾಷೆ ಕಲಿಯುವವರಿಗೆ ಈ ಡಬ್ಬಿಂಗಿನಿಂದ ಒಂದು ತೊಡಕಿದೆ. ರಷ್ಯನ್ ಡಬ್ಬಿಂಗನ್ನು ಕೇಳುತ್ತ ರಷ್ಯನ್ ಅಡಿಬರಹ ಓದಿದರೆ ಎರಡೂ ಬೇರೆ ಬೇರೆ ವಾಕ್ಯ ಹೇಳುತ್ತವೆ. ತಪ್ಪು ಯಾರದೂ ಅಲ್ಲ. ಒಂದನ್ನು ತುಟಿಗಾಗಿ ಬರೆದಿದ್ದಾರೆ, ಇನ್ನೊಂದನ್ನು ಓದುವ ಕಣ್ಣಿನ ವೇಗಕ್ಕಾಗಿ. ಆದ್ದರಿಂದ ಮೊದಲ ವರ್ಷ ಹಾಲಿವುಡ್ ಬಿಟ್ಟು, ರಷ್ಯನ್ ಭಾಷೆಯಲ್ಲೇ ತಯಾರಾದ ಚಿತ್ರ ಹಿಡಿಯುವುದು ಮೇಲು. ಮಾಸ್‌ಫಿಲ್ಮ್ ಸ್ಟುಡಿಯೋ ತನ್ನ ಹಳೆಯ ಚಿತ್ರಗಳನ್ನು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಇಟ್ಟಿದೆ. ರಷ್ಯನ್ ಅಡಿಬರಹ ಇರುವುದನ್ನು ಆರಿಸಿಕೊಂಡರೆ ಕಿವಿಗೆ ಬಿದ್ದ ಪದವೇ ಕಣ್ಣಿಗೂ ಸಿಗುತ್ತದೆ.