ಪತ್ತೇದಾರಿ ಕಥೆ: ಸುಳಿವು ಎಲ್ಲಿ ಕಳೆದುಹೋಯಿತು?

ಈಗ ಕಥೆಯಲ್ಲಿ ಒಂದು ಹೆಣ ಬಿದ್ದರೆ ಸಾಕು, ಅದಕ್ಕೆ ಥ್ರಿಲ್ಲರ್ ಅನ್ನುತ್ತಾರೆ. ಪತ್ತೇದಾರಿ, ಸಸ್ಪೆನ್ಸ್, ಹಾರರ್ ಎಲ್ಲವೂ ಒಂದೇ ಕಪಾಟು ಸೇರಿವೆ. ಹಾಗಾಗಿ ಚಿಕ್ಕಮಗಳೂರಿನಲ್ಲಿ ಹೊಸದಾಗಿ ಬರೆಯಲು ಕೂತ ಹುಡುಗರಿಗೆ ಪತ್ತೇದಾರಿ ಕಥೆಗೆ ಏನೇನು ಬೇಕು ಅನ್ನುವುದೇ ಗೊಂದಲ.

ಶುರುವಾಗಿದ್ದು 1841ರಲ್ಲಿ, ಅಮೆರಿಕದ ಎಡ್ಗರ್ ಅಲನ್ ಪೋ ಬರೆದ ಒಂದು ಕಥೆಯಿಂದ. ಮುಚ್ಚಿದ ಕೋಣೆ, ಪೊಲೀಸರಿಗಿಂತ ಚುರುಕಾದ ಪತ್ತೇದಾರ, ಕಥೆ ಹೇಳಲು ಅವನ ಗೆಳೆಯ: ಇಷ್ಟೂ ಅದರಲ್ಲೇ ಇದ್ದವು. 1887ರಲ್ಲಿ ಷರ್ಲಾಕ್ ಹೋಮ್ಸ್ ಬಂದ. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಹತ್ತು ನಿಯಮ ಬರೆದರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು. ದೆವ್ವ ಭೂತ ತರಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಈ ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದು.

ಕನ್ನಡದಲ್ಲಿ ಇದಕ್ಕೆ ಜನ ಮುಗಿಬಿದ್ದದ್ದು 1950ರ ದಶಕದಿಂದೀಚೆಗೆ. ಕನ್ನಡ ಬಾವುಟ ಕೊಟ್ಟ ಎಂ. ರಾಮಮೂರ್ತಿ ಪತ್ತೇದಾರಿ ಕಾದಂಬರಿಕಾರರೂ ಹೌದು. ನಮ್ಮ ಚಿಕ್ಕಮಗಳೂರು ಕಡೆಯ ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ನೂರಾರು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಜನ ಬಾಡಿಗೆ ಲೈಬ್ರರಿಯಿಂದ ತಂದು ರಾತ್ರೋರಾತ್ರಿ ಓದಿ ಮುಗಿಸುತ್ತಿದ್ದರು. ಎಷ್ಟು ಕೈ ದಾಟಿರುತ್ತಿತ್ತೆಂದರೆ ಬೈಂಡು ಬಿಟ್ಟಿರುತ್ತಿತ್ತು, ಕೊನೆಯ ಹಾಳೆ ಹರಿದಿರುತ್ತಿತ್ತು. ಅಷ್ಟು ಓದಿಸಿಕೊಂಡ ಪುಸ್ತಕಗಳನ್ನು ಸಾಹಿತ್ಯ ಚರ್ಚೆಯಲ್ಲಿ ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. ಹಾಗಾಗಿ ಆ ಕಸುಬಿನ ಗುಟ್ಟುಗಳು ಮುಂದಿನವರಿಗೆ ಸರಿಯಾಗಿ ದಾಟಲಿಲ್ಲ. ಇದು ದೊಡ್ಡ ನಷ್ಟ.

ಆಮೇಲೆ ಮೂಡಿಗೆರೆಯಿಂದ ಬೇರೆಯದೇ ದಾರಿ ತೆರೆಯಿತು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ತನಿಖೆಗೆ ಬಂದ ಅಧಿಕಾರಿಯ ಮುಂದೆ ಒಂದು ಸಾವೂ ಇದೆ, ಏಲಕ್ಕಿ ಬೆಳೆ ಯಾಕೆ ಕುಸಿಯುತ್ತಿದೆ ಅನ್ನುವ ಪ್ರಶ್ನೆಯೂ ಇದೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಜುಗಾರಿ ಕ್ರಾಸ್'ನಲ್ಲಿ ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ ಒಂದೇ ದಿನದಲ್ಲಿ ಎಂಥ ಜಾಲಕ್ಕೆ ಸಿಕ್ಕಿಬೀಳುತ್ತಾರೆ! ಒಗಟು ಪೇಟೆಯ ಬಂಗಲೆಯಲ್ಲೇ ಇರಬೇಕಿಲ್ಲ ಅಂತ ಇವು ತೋರಿಸಿದವು.

ಮುಂದೆ ಟಿವಿ ಧಾರಾವಾಹಿ ಬಂತು, ಮೊಬೈಲಿನಲ್ಲಿ ವೆಬ್ ಸರಣಿ ಬಂತು. ಸುಳಿವಿನ ಜಾಗಕ್ಕೆ ಟ್ವಿಸ್ಟ್ ಬಂದು ಕೂತಿತು. ಕೊನೆಯಲ್ಲಿ ಎಲ್ಲಿಂದಲೋ ಒಬ್ಬ ಅವಳಿ ಸಹೋದರ ಪ್ರತ್ಯಕ್ಷನಾದರೆ ಓದುಗರಿಗೆ ಮೋಸ ಆದಂತೆಯೇ ಅಲ್ವಾ?

ಬೇಕಾದ ಸಾಮಾನೆಲ್ಲ ನಮ್ಮ ತೋಟಗಳಲ್ಲೇ ಇದೆ. ಆಷಾಢದ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದರೆ, ಕರೆಂಟೂ ಹೋದರೆ, ಒಳಗಿದ್ದವರಷ್ಟೇ ಶಂಕಿತರು. ಇಲ್ಲವೇ ಕೊಯ್ಲಿನ ಕಾಲದಲ್ಲಿ ಗೋಡೌನಿನಿಂದ ಎರಡು ಮೂಟೆ ಮೆಣಸು ಮಾಯವಾಗಲಿ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಹೆಜ್ಜೆ ಮೂಡಿದೆ. ಆದರೆ ಅದು ಬೆಳಿಗ್ಗೆ ಕಾಫಿ ಕೆದಕಲು ಬಂದವಳದ್ದು. ದಾರಿ ತಪ್ಪಿಸುವ ಸುಳಿವು ಅಂದರೆ ಇದೇ. ಸಾಲ ಮಾಡಿಕೊಂಡವನೊಬ್ಬ ಇದ್ದಾನೆ, ಅದು ಉದ್ದೇಶ. ಅವನು ಆ ದಿನ ತೋಟದ ದೂರದ ಬ್ಲಾಕಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದ ಅಂತ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಹೇಳುತ್ತದೆ. ಅದು ಅಲಿಬಿ, ಅಂದರೆ ಆ ಹೊತ್ತಿಗೆ ಬೇರೆ ಕಡೆ ಇದ್ದ ಅನ್ನುವ ಸಾಕ್ಷಿ. ಹಾಜರಿ ಬಿದ್ದಿದೆ, ಅವನ ಹೆಸರಿನ ಮುಂದೆ ಕುಯ್ದ ಹಣ್ಣಿನ ತೂಕ ಮಾತ್ರ ಇಲ್ಲ. ಆ ಖಾಲಿ ಜಾಗವೇ ಸುಳಿವು. ಅದನ್ನು ತೋಟದ ಲೆಕ್ಕ ಬರೆಯುವ ರೈಟರ್ ಮೊದಲ ಅಧ್ಯಾಯದಲ್ಲೇ, ಸುಮ್ನೆ ಲೆಕ್ಕ ಓದುವಾಗ, ಎಲ್ಲರೆದುರು ಹೇಳಿಬಿಟ್ಟಿರಬೇಕು.