ಇಳಿಜಾರಿನಲ್ಲಿ ಕುದಿಯುವ ಬ್ರೇಕ್ ಆಯಿಲ್

ಆಫ್‌ರೋಡ್ ಗಾಡಿ ಇಟ್ಟುಕೊಂಡವರ ಜೊತೆ ಮಾತಿಗೆ ಕೂತರೆ ಟೈರು, ವಿಂಚು, ಸಸ್ಪೆನ್ಷನ್ ಅಂತ ಗಂಟೆಗಟ್ಟಲೆ ಹೇಳುತ್ತಾರೆ. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು ಅಂತ ಕೇಳಿ ನೋಡಿ. ‘ಡಬ್ಬಿಯಲ್ಲಿ ಮಟ್ಟ ಸರಿಯಾಗಿದೆಯಲ್ಲ’ ಎನ್ನುತ್ತಾರೆ. ಈ ಉತ್ತರ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮಟ್ಟ ಸರಿ ಇದ್ದೀತು. ಅದರೊಳಗೆ ನೀರು ಎಷ್ಟು ಸೇರಿದೆ ಅಂತ ಯಾರು ನೋಡಿದ್ದಾರೆ?

ಮೊದಲು ಸ್ವಲ್ಪ ಲೆಕ್ಕ. ಬ್ರೇಕ್ ಒತ್ತಿದಾಗ ಗಾಡಿಯ ಓಟವೆಲ್ಲ ಶಾಖವಾಗುತ್ತದೆ. ಎರಡು ಟನ್ ತೂಕದ ಗಾಡಿ ಗಂಟೆಗೆ 72 ಕಿ.ಮೀ. ವೇಗದಲ್ಲಿದ್ದಾಗ ಪೂರ್ತಿ ನಿಲ್ಲಿಸಿದರೆ 4 ಲಕ್ಷ ಜೌಲ್ ಶಾಖ ಹುಟ್ಟುತ್ತದೆ. ಅಷ್ಟನ್ನು ಡಿಸ್ಕುಗಳು, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗಳು, ಆರಾಮಾಗಿ ತಡೆದುಕೊಳ್ಳುತ್ತವೆ. ಈಗ ಅದೇ ಗಾಡಿ 500 ಮೀಟರ್ ಎತ್ತರದ ಬೆಟ್ಟದಿಂದ ಆಮೆ ನಡಿಗೆಯಲ್ಲಿ ಇಳಿಯಲಿ. ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 98 ಲಕ್ಷ ಜೌಲ್! ಮೇಲಿನದಕ್ಕಿಂತ 24 ಪಟ್ಟು ಜಾಸ್ತಿ. ಅಷ್ಟು ಶಾಖದಲ್ಲಿ 33 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಲೋ ಗೇರ್ ಹಾಕದೆ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಇದರ ಬಹುಪಾಲು ಹೋಗಿ ಸೇರುವುದು ನಾಲ್ಕು ಚಕ್ರಗಳ ಬ್ರೇಕಿಗೇ. ನಿಧಾನ ಹೋಗುವಾಗ ತಣ್ಣಗಾಗಲು ಗಾಳಿಯೂ ಸಾಲದು. ‘ನಾನು ಸ್ಪೀಡಾಗಿ ಓಡಿಸಲ್ಲ, ನನ್ನ ಬ್ರೇಕಿಗೇನಾಗುತ್ತೆ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಈ ಶಾಖ ಡಿಸ್ಕನ್ನು ಅಮುಕಿ ಹಿಡಿಯುವ ಪ್ಯಾಡಿನಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ, ಅಲ್ಲಿಂದ ಅದರ ಹಿಂದಿರುವ ಆಯಿಲಿಗೆ ದಾಟುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕಾಲ್ ಈಥರ್ ಜಾತಿಯದು. ಗಾಳಿಯಲ್ಲಿರುವ ತೇವ ಹೀರುವುದು ಅದರ ಹುಟ್ಟುಗುಣ. ಡಬ್ಬಿಯ ಮುಚ್ಚಳದಿಂದ ತೇವ ಒಳಗೆ ಬರುತ್ತದೆ, ರಬ್ಬರ್ ಹೋಸಿನ ಗೋಡೆ ದಾಟಿಯೂ ಬರುತ್ತದೆ. ಗಾಡಿ ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದರೂ ಅಷ್ಟೇ. ಬ್ರೇಕ್ ಆಯಿಲಿನ ದರ್ಜೆಗಳನ್ನು ‘ಡಾಟ್’ ಅಂಕಿಯಲ್ಲಿ ಹೇಳುತ್ತಾರೆ. ಡಾಟ್ 3 ಆಯಿಲ್ ಹೊಸದಿದ್ದಾಗ ಅದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ನೂರರಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಇಷ್ಟು ಹಾಳು ಮಾಡುತ್ತದೆ ಅಂದರೆ ನಂಬೋದು ಕಷ್ಟ, ಅಲ್ವಾ?

ಕುದಿದರೆ ಏನಾಗುತ್ತದೆ ಅನ್ನೋದು ಇನ್ನೂ ಸೊಗಸು. ದ್ರವವನ್ನು ಒತ್ತಿದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಪೆಡಲ್ ಮೇಲಿನ ಒತ್ತಡ ಹಾಗೇ ಪಿಸ್ಟನ್ನಿಗೆ ಮುಟ್ಟುವುದು ಇದರಿಂದಲೇ. ಆವಿ ಹಾಗಲ್ಲ, ಒತ್ತಿದಷ್ಟೂ ಕುಗ್ಗುತ್ತದೆ. ಒಂದು ಹನಿ ನೀರು, ಅಂದರೆ ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗ, ಸಾಮಾನ್ಯ ಒತ್ತಡದಲ್ಲಿ ಆವಿಯಾದರೆ ಸುಮಾರು 80 ಮಿಲಿಲೀಟರ್ ಜಾಗ ಬೇಡುತ್ತದೆ. ಒಂದು ಸಲ ಪೆಡಲ್ ಒತ್ತಿದಾಗ ಅದಕ್ಕೆ ಜೋಡಿಸಿದ ಪಂಪು, ಅಂದರೆ ಮಾಸ್ಟರ್ ಸಿಲಿಂಡರ್, ತಳ್ಳುವ ಆಯಿಲ್ ಕೆಲವೇ ಮಿಲಿಲೀಟರ್. ಅಷ್ಟೂ ಆವಿಯ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಪ್ಯಾಡ್ ಡಿಸ್ಕನ್ನು ಹಿಡಿಯುವುದಿಲ್ಲ. ಎಷ್ಟೋ ಸಲ ಇದು ಇಳಿಯುತ್ತಿರುವಾಗ ಆಗುವುದಿಲ್ಲ. ಅರ್ಧ ದಾರಿಯಲ್ಲಿ ಫೋಟೋ ತೆಗೆಯಲು ನಿಲ್ಲಿಸಿದಾಗ ಡಿಸ್ಕಿನ ಶಾಖ ನಿಧಾನವಾಗಿ ಕ್ಯಾಲಿಪರಿಗೆ, ಅಂದರೆ ಪ್ಯಾಡು, ಪಿಸ್ಟನ್ನುಗಳನ್ನು ಹಿಡಿದಿರುವ ಭಾಗಕ್ಕೆ ಇಳಿಯುತ್ತದೆ. ಮತ್ತೆ ಹೊರಟು ಮೊದಲ ತಿರುವಿಗೆ ಬಂದಾಗ ಕಾಲ ಕೆಳಗೆ ಬ್ರೇಕೇ ಇಲ್ಲ.

ತಮಾಷೆ ಏನೆಂದರೆ, ಗಾಡಿ ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುತ್ತದೆ. ಗ್ಯಾರೇಜಿಗೆ ಎಳೆದು ತರುವ ಹೊತ್ತಿಗೆ ಪೆಡಲ್ ಕಲ್ಲಿನಂತೆ ಗಟ್ಟಿ. ಮೆಕ್ಯಾನಿಕ್ ‘ಏನೂ ತೊಂದರೆ ಇಲ್ಲ ಸಾರ್’ ಅಂತ ಕೈತೊಳೆದುಕೊಳ್ಳುತ್ತಾನೆ. ‘ಆ ತಿರುವಿನಲ್ಲೇ ಏನೋ ಇದೆ’ ಎಂಬ ಕತೆಗಳಿಗೆ ಇದಕ್ಕಿಂತ ಒಳ್ಳೆಯ ಗೊಬ್ಬರ ಬೇಕಾ? ತಿರುವಿನಲ್ಲಿ ಏನೂ ಇಲ್ಲ. ಇರುವುದೆಲ್ಲ ಕ್ಯಾಲಿಪರಿನ ಒಳಗೆ.

ಹಾಗಾದರೆ ನೀರು ಹೀರದ ಸಿಲಿಕೋನ್ ಆಯಿಲ್, ಅಂದರೆ ಡಾಟ್ 5 ಹಾಕಿಬಿಡೋಣವೇ? ಒಳಗೆ ಸೇರಿದ ನೀರನ್ನು ಅದು ಕರಗಿಸಿಕೊಳ್ಳುವುದಿಲ್ಲ. ನೀರು ಬೇರೆಯಾಗಿ ತಗ್ಗಿನ ಜಾಗದಲ್ಲಿ ನಿಲ್ಲುತ್ತದೆ. ಆ ತಗ್ಗು ಸಾಮಾನ್ಯವಾಗಿ ಕ್ಯಾಲಿಪರೇ. ಅಲ್ಲೇ ತುಕ್ಕು, ಅಲ್ಲೇ ಕುದಿ. ಇದನ್ನು 5.1ರ ಜೊತೆ ಬೆರೆಸಲೂ ಬಾರದು. ಕಂಪನಿ ಹೇಳಿದ ದರ್ಜೆಯ ಗ್ಲೈಕಾಲ್ ಆಯಿಲನ್ನೇ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸದಾಗಿ ತುಂಬಿಸಿ, ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಸಿ. ಆಗಾಗ ಹೊಳೆ ದಾಟುವವರು ಇನ್ನೂ ಬೇಗ ಮಾಡಿಸಲಿ. ಎಂದೋ ಸೀಲ್ ಒಡೆದಿಟ್ಟ ಬಾಟಲಿ ಮಾತ್ರ ಬೇಡ. ಅದು ಆಗಲೇ ನೀರು ಕುಡಿದಿರುತ್ತದೆ. ಎಂಜಿನ್ ಆಯಿಲಂತೂ ಹತ್ತಿರವೂ ಸುಳಿಯಬಾರದು, ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹೋಗುತ್ತವೆ.

ಕಚ್ಚಾ ರಸ್ತೆಗೂ ಬ್ರೇಕಿಗೂ ಹಳೆಯ ಜಗಳವಿದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಆದರೆ ಆಗಿನ ಧೂಳು ರಸ್ತೆಗಳಲ್ಲಿ ಅವರ ತಾಮ್ರದ ಪ್ಯಾಡ್ ಬಹಳ ಬೇಗ ಸವೆದುಹೋಗುತ್ತಿತ್ತು. ಡಿಸ್ಕ್ ಮತ್ತೆ ತಲೆ ಎತ್ತಲು ದಶಕಗಳೇ ಬೇಕಾದವು. 1953ರಲ್ಲಿ ಫ್ರಾನ್ಸಿನ ಲ ಮಾನ್ ಕಾರ್ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಎಲ್ಲರ ಕಣ್ಣು ಇದರ ಮೇಲೆ ಬಿತ್ತು. ದ್ರವದ ಒತ್ತಡದಿಂದ ಹಿಡಿಯುವ ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಪೇಟೆಂಟ್ ಪಡೆದಿದ್ದು 1917ರಲ್ಲಿ. ಅಲ್ಲಿಯವರೆಗೆ ಸರಳು, ತಂತಿಗಳದ್ದೇ ರಾಜ್ಯ. ಅವು ಕುದಿಯುತ್ತಿರಲಿಲ್ಲ, ನಿಜ. ಆದರೆ ನಾಲ್ಕೂ ಚಕ್ರ ಒಂದೇ ಹಿಡಿತ ಹಿಡಿಯುವಂತೆ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಧೂಳಿನ ಕಾಟ ಇವತ್ತಿಗೂ ತಪ್ಪಿಲ್ಲ. ಕೆಸರಲ್ಲಿ ಆಡಿ ಬಂದ ಮೇಲೆ ಚಕ್ರ ಬಿಚ್ಚಿ ನೋಡಿ. ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಹಿಡಿಯಿರಿ. ಒಂದು ಬಿಸ್ಕತ್ತಿನಷ್ಟು ದಪ್ಪ, ಇನ್ನೊಂದು ಕಬ್ಬಿಣದ ತಗಡಿಗೆ ಬಂದಿದೆ ಅಂದರೆ ಕ್ಯಾಲಿಪರ್ ಜಾರುವ ಪಿನ್ ಕಚ್ಚಿಕೊಂಡಿರಬಹುದು. ಪಿನ್ ಮೇಲಿನ ರಬ್ಬರ್ ಟೊಪ್ಪಿ ಹರಿದು ಕೆಸರು ನುಗ್ಗಿರುತ್ತದೆ. ಪಿನ್ ಎಳೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಬೆರಳಲ್ಲಿ ತಳ್ಳಿದರೂ ಜಾರಬೇಕು. ಪ್ಯಾಡಿನ ಸವೆಯುವ ಭಾಗ 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತಾರೆ.

ಹಿಂದಿನ ಚಕ್ರಗಳಿಗೆ ಡಿಸ್ಕಿನ ಬದಲು ಡ್ರಮ್ ಬ್ರೇಕ್ ಇದ್ದರೆ ಅದನ್ನೂ ಬಿಚ್ಚಲೇಬೇಕು. ಒಳಗೆ ಹೊಕ್ಕ ಮರಳಿಗೆ ಹೊರಬರಲು ದಾರಿ ಇಲ್ಲ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರನ್ನು ತಿನ್ನುತ್ತಲೇ ಇರುತ್ತದೆ. ಗಾಳಿ ಹೊಡೆದು ಧೂಳು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಶ್ವಾಸಕೋಶಕ್ಕೆ ಅದು ವಿಷ. ಒದ್ದೆ ಮಾಡಿ ಒರೆಸಿ. ನೀರು ದಾಟಿದ ಮೇಲೆ ಸ್ವಲ್ಪ ದೂರ ಪೆಡಲನ್ನು ಹಗುರಾಗಿ ಒತ್ತಿಕೊಂಡು ಹೋದರೆ ಡ್ರಮ್ ಒಣಗುತ್ತದೆ. ಕೆಂಡದಂತೆ ಕಾದ ಡಿಸ್ಕನ್ನು ನೇರವಾಗಿ ಹೊಳೆಗೆ ಇಳಿಸಬೇಡಿ, ಬಿರುಕು ಬಿಟ್ಟೀತು.

ಸಸ್ಪೆನ್ಷನ್ ಬದಲಿಸಿ ಗಾಡಿ ಎತ್ತರಿಸಿದವರು ಬ್ರೇಕ್ ಹೋಸಿನ ಉದ್ದ ಮರೆಯುವುದೇ ಹೆಚ್ಚು. ಗಾಡಿಯನ್ನು ಚಾಸಿಯ ಕೆಳಗೆ ಜಾಕ್ ಕೊಟ್ಟು ಎತ್ತಿ, ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರ ಪೂರ್ತಿ ಕೆಳಗೆ ಜೋತುಬೀಳಲಿ. ಮುಂದಿನ ಚಕ್ರಗಳನ್ನು ಎಡಕ್ಕೂ ಬಲಕ್ಕೂ ಕೊನೆತನಕ ತಿರುಗಿಸಿ. ಹೋಸ್ ಎಲ್ಲಾದರೂ ಬಿಗಿಯಾಗಿ ಎಳೆದರೆ, ಟೈರಿಗೋ ಸ್ಪ್ರಿಂಗಿಗೋ ಉಜ್ಜಿದರೆ, ಉದ್ದದ ಹೋಸ್ ಹಾಕಿಸುವವರೆಗೆ ಆ ಗಾಡಿಯನ್ನು ಗುಡ್ಡಕ್ಕೆ ಒಯ್ಯಬೇಡಿ.